ಮಾಳಿಗೆ ಮೇಲಿನ ಸಿನಿಮಾ ಹರಟೆ: ಒಂದೇ ಸೀನ್ ಹಿಡಿದು ಮೂರು ತಾಸು ಮಾತಾಡೋದು ಹೇಗೆ?

ಗಂಗಾವತಿಯಲ್ಲಿ ತಿಂಗಳಿಗೊಂದು ಶನಿವಾರ ರಾತ್ರಿ ನಾವು ಏಳು ಜನ ನಮ್ಮ ಮನೆ ಮಾಳಿಗೆ ಮೇಲೆ ಸೇರುತ್ತೇವೆ. ಸಿನಿಮಾ ನೋಡೋಕಲ್ಲ, ನೋಡಿದ ಸಿನಿಮಾ ಬಗ್ಗೆ ಮಾತಾಡೋಕೆ.

ಮೊದಮೊದಲು ಇದು ನಡೀಲೇ ಇಲ್ಲ. "ನನಗೆ ಅವರ ಆ್ಯಕ್ಟಿಂಗ್ ಇಷ್ಟ", "ಸೂಪರ್ ಸಿನಿಮಾ ಅದು", "ಈಗಿನವರಿಗೆಲ್ಲಿ ಬರ್ತದೆ ಅದು" ಅಂತ ಹತ್ತು ನಿಮಿಷ ಮಾತು. ಆಮೇಲೆ ಯಾವ ಹೀರೋ ದೊಡ್ಡವರು ಅಂತ ಜಗಳ. ಅದಾದ ಮೇಲೆ ಎಲ್ಲರೂ ಮೊಬೈಲ್ ಹಿಡಿದು ಕೂರುತ್ತಿದ್ದರು. ಒಂದು ರಾತ್ರಿ ನಮ್ಮ ಕಾಕಾ, ಹರೆಯದಲ್ಲಿ ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದವರು, ಸುಮ್ಮನೆ ಕೇಳ್ತಾ ಕೂತಿದ್ದವರು ತಡೀಲಾರದೆ ಅಂದರು: "ಅದೆಲ್ಲಾ ಇರ್ಲಿ ಬಿಡಪ. ಕಣ್ಣು ಮುಚ್ಚಿದ್ರ ನಿನಗ ಯಾವ ಸೀನ್ ಕಾಣತೈತಿ, ಅದೊಂದು ಹೇಳು."

ಆವತ್ತು ರಾತ್ರಿ ಒಂದೂವರೆ ತನಕ ಯಾರೂ ಎದ್ದು ಹೋಗಲಿಲ್ಲ. ಅವತ್ತಿನಿಂದ ನಮ್ಮದು ಒಂದೇ ದಾರಿ. ಸಿನಿಮಾ ಬಿಡಿ, ಸೀನ್ ಹಿಡೀರಿ. ನಿಮ್ಮೂರಲ್ಲೂ ಇಂಥದ್ದೊಂದು ಕೂಟ ಮಾಡೋ ಆಸೆ ಇದ್ದರೆ, ನಾವು ಇಷ್ಟು ದಿನದಲ್ಲಿ ಕಲಿತದ್ದನ್ನು ಬಿಡಿಸಿ ಹೇಳುತ್ತೇನೆ.

ಯಾರನ್ನು ಕರೆಯಬೇಕು

ಐದರಿಂದ ಎಂಟು ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ಆ ಮೂಲೆಯಲ್ಲೊಂದು ಮಾತು, ಈ ಮೂಲೆಯಲ್ಲೊಂದು ಮಾತು ಶುರುವಾಗುತ್ತದೆ.

ಎಲ್ಲರೂ ಒಂದೇ ವಯಸ್ಸಿನವರು, ಒಬ್ಬರದೇ ಅಭಿಮಾನಿಗಳು ಆಗಬಾರದು. ನಮ್ಮಲ್ಲಿ ಕಾಕಾ ಇದ್ದಾರೆ, ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಗೆಳೆಯ ಇದ್ದಾನೆ, ಮನೆಯಲ್ಲೇ ಬಟ್ಟೆ ಹೊಲಿಯುವ ಅಕ್ಕ ಇದ್ದಾರೆ, ಕಾಲೇಜು ಹುಡುಗರು ಇಬ್ಬರು, ಹತ್ತಿರದ ಕ್ಯಾಂಪಿನಿಂದ (ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರು) ಬರುವ ತೆಲುಗು ಮನೆಮಾತಿನ ಅಣ್ಣ ಒಬ್ಬರು, ಮತ್ತೆ ನಾನು. ಅಕ್ಕ ಬಂದ ಮೇಲೆ ನಮಗೆ ಹೊಸದೇ ಒಂದು ಕಣ್ಣು ಬಂದ ಹಾಗಾಯಿತು. ನಾವೆಲ್ಲಾ ಹೀರೋ ಮುಖ ನೋಡ್ತಾ ಇದ್ದರೆ ಅವರು ತಾಯಿ ಪಾತ್ರದ ಸೀರೆ ನೋಡುತ್ತಾರೆ. "ಬಡವರ ಮನಿ ಅಂತ ತೋರಸ್ಯಾರ, ಕುಪ್ಪಸ ನೋಡಿದ್ರ ಇವತ್ತ ಹೊಲಿದಂಗೈತಿ" ಅಂತ ಅವರು ಹೇಳಿದ ಮೇಲೆ ಆ ಸೀನ್ ನಮಗೆ ಮೊದಲಿನ ಹಾಗೆ ಕಾಣಲೇ ಇಲ್ಲ. ಪ್ರತಿಯೊಬ್ಬರಿಗೂ ತಮ್ಮ ಕೆಲಸದಿಂದ ಬಂದ ಒಂದು ಕಣ್ಣು ಇರ್ತದೆ ಅಲ್ವಾ, ಅಂಥವರನ್ನು ಹುಡುಕಿ ಕರೆಯಿರಿ.

ಜಾಗ, ಹೊತ್ತು, ತಿನ್ನೋದು

ನಮ್ಮ ಕಡೆ ಬೇಸಿಗೆಯಲ್ಲಿ ಸಂಜೆ ಏಳಕ್ಕೂ ಗಚ್ಚು ಸುಡುತ್ತಿರುತ್ತದೆ. ಹಾಗಾಗಿ ಆರು ಗಂಟೆಗೆ ನೀರು ಹೊಡೆದು, ಎಂಟೂವರೆಗೆ ಚಾಪೆ ಹಾಸಿ. ತಿನ್ನೋಕೆ ಮಂಡಾಳ ಒಗ್ಗರಣೆ, ಮಿರ್ಚಿ. ಮಿರ್ಚಿ ಬಿಸಿ ಇರುವಾಗ ಯಾರೂ ಸೀನ್ ಹೇಳೋಕೆ ಶುರು ಮಾಡಬೇಡಿ, ಯಾರೂ ಕೇಳೋದಿಲ್ಲ. ತಿಂದು, ಚಹಾ ಕುಡಿದು, ಆಮೇಲೆ ಮಾತು.

ಪ್ರಶ್ನೆ ಸರಿಯಾಗಿ ಹಾಕಿ

ಕೂಟ ನಡೆಯೋದು, ಬೀಳೋದು ಪ್ರಶ್ನೆಯ ಮೇಲೆ. "ನಿಮ್ಮ ಮೆಚ್ಚಿನ ಸಿನಿಮಾ ಯಾವುದು?" ಅಂತ ಕೇಳಿದರೆ ಒಂದು ಹೆಸರು ಬರುತ್ತದೆ, ಅಲ್ಲಿಗೆ ಮುಗೀತು. ಸೀನ್ ಹೇಳದೆ ಉತ್ತರ ಕೊಡೋಕೇ ಆಗಬಾರದು, ಅಂಥ ಪ್ರಶ್ನೆ ಬೇಕು.

ನಾವು ಹಾಕಿದ ಕೆಲವು ಪ್ರಶ್ನೆ ಹೇಳುತ್ತೇನೆ. ಹೀರೋಗಿಂತ ವಿಲನ್ ಮಾತೇ ಸರಿ ಅನ್ನಿಸಿದ ಸೀನ್ ಯಾವುದು? ಚಿಕ್ಕವರಿದ್ದಾಗ ನಕ್ಕು ದೊಡ್ಡವರಾದ ಮೇಲೆ ಅತ್ತ ಸೀನ್ ಯಾವುದು? ಐದೇ ನಿಮಿಷ ಬಂದು ಹೋದರೂ ಸಿನಿಮಾ ಮುಗಿಯೋ ತನಕ ತಲೆಯಲ್ಲಿ ಕೂತ ಪಾತ್ರ ಯಾವುದು? ಊಟದ ಸೀನುಗಳಲ್ಲಿ ನಿಜವಾಗಿ ಹಸಿವಾದವರ ಹಾಗೆ ಉಂಡವರು ಯಾರು? ಈ ಕೊನೆಯ ಪ್ರಶ್ನೆಗೆ ನಾವು ಎರಡು ತಿಂಗಳು ಮಾತಾಡಿದ್ದೇವೆ. ತುತ್ತು ಕಲಸೋ ಕೈ ನೋಡಿದರೆ ಆ ನಟ ಆ ಪಾತ್ರದ ಮನೆಯೊಳಗೆ ಹೋಗಿದ್ದಾರೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಪ್ರಶ್ನೆಯನ್ನು ಒಂದು ವಾರ ಮೊದಲೇ ಎಲ್ಲರಿಗೂ ತಿಳಿಸಿ. ಎಲ್ಲರೂ ಅದನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಓಡಾಡಬೇಕು.

ಸೀನನ್ನು ಮೂರು ಸಲ ನೋಡಿ

ನೀವು ಹೇಳಬೇಕೆಂದಿರುವ ಸೀನನ್ನು ಮನೆಯಲ್ಲಿ ಮೂರು ಸಲ ನೋಡಿ. ಮೊದಲನೇ ಸಲ ಸುಮ್ನೆ ನೋಡಿ. ಎರಡನೇ ಸಲ ಸೌಂಡ್ ಪೂರ್ತಿ ತೆಗೆದು ನೋಡಿ. ಮೂರನೇ ಸಲ ಕಣ್ಣು ಮುಚ್ಚಿ, ಬರೀ ಕೇಳಿ.

ಸೌಂಡ್ ತೆಗೆದಾಗ ಮೈ ಏನು ಮಾಡುತ್ತದೆ ಅನ್ನೋದು ಕಾಣುತ್ತದೆ. ಕಣ್ಣು ಮುಚ್ಚಿದಾಗ ದನಿ ಎಲ್ಲಿ ನಡುಗಿತು, ಎಲ್ಲಿ ಉಸಿರು ತಗೊಂಡರು, ಹಿಂದೆ ಮ್ಯೂಸಿಕ್ ಎಲ್ಲಿ ನಿಂತಿತು ಅನ್ನೋದು ಕೇಳಿಸುತ್ತದೆ. ಬಹಳಷ್ಟು ಕನ್ನಡ ಸಿನಿಮಾಗಳಲ್ಲಿ ದನಿಯನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಿರುತ್ತಾರೆ. ಅಂದರೆ ಮುಖದ ಅಭಿನಯ ಒಂದು ದಿನದ್ದು, ದನಿಯ ಅಭಿನಯ ಇನ್ನೊಂದು ದಿನದ್ದು. ಎರಡನ್ನೂ ಬೇರೆ ಮಾಡಿ ನೋಡಿದಾಗಲೇ ಅವೆರಡೂ ಕೂಡಿದ್ದು ಎಷ್ಟು ದೊಡ್ಡ ಕೆಲಸ ಅಂತ ಗೊತ್ತಾಗೋದು.

ಇಲ್ಲಿ ಕಾಕಾನ ಲೆಕ್ಕ ಒಂದು ಹೇಳಲೇಬೇಕು. ರೀಲಿನ ಕಾಲದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತಿದ್ದವು, ನಿಮಿಷಕ್ಕೆ 90 ಅಡಿ ಫಿಲ್ಮ್. ಮೂರು ನಿಮಿಷದ ಸೀನ್ ಅಂದರೆ 270 ಅಡಿ, 4,320 ಚಿತ್ರ. 1,000 ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿತ್ತು. ಹಳೆಯ ಸಿನಿಮಾ ಶುರುವಾಗೋಕೆ ಮೊದಲು ಬರುವ ಸೆನ್ಸಾರ್ ಸರ್ಟಿಫಿಕೇಟ್ ಮೇಲೆ ಉದ್ದ, ರೀಲು ಎಷ್ಟು ಅಂತ ಬರೆದಿರುತ್ತದೆ, ನೋಡಿ. ಕಾಕಾ ಇವತ್ತಿಗೂ ಸೀನುಗಳನ್ನು ರೀಲಿನ ಲೆಕ್ಕದಲ್ಲೇ ನೆನಪಿಡೋದು. "ಅದು ಒಂಬತ್ತನೇ ರೀಲು, ಇಂಟರ್ವಲ್ ಆದ ಮ್ಯಾಲೆ ಜನ ಶೇಂಗಾ ತಗೊಂಡು ಒಳಗ ಬರೋ ಹೊತ್ತು" ಅನ್ನುತ್ತಾರೆ.

ಸೀನನ್ನು ಹೇಳುವ ರೀತಿ

ಐದು ನಿಮಿಷ ಮೀರಬೇಡಿ. ಪೂರ್ತಿ ಕಥೆ ಹೇಳಬೇಡಿ. ಸಿನಿಮಾ ನೋಡಿರದವರಿಗೆ ಎರಡು ವಾಕ್ಯದಲ್ಲಿ ಹಿಂದಿನದ್ದು ಹೇಳಿ, ನೇರ ಸೀನಿಗೆ ಇಳಿಯಿರಿ. ಎಲ್ಲಿ ನಡೆಯುತ್ತದೆ, ಅಂಗಳವೋ ಆಸ್ಪತ್ರೆಯೋ? ಯಾರು ಮೊದಲು ಬಂದರು? ನಮಗೆ ಯಾರ ಮುಖ ಕಾಣುತ್ತಿದೆ, ಯಾರ ಬೆನ್ನು? ಕೊನೆಯ ಮಾತು ಯಾರದು?

ಹೇಳುವಾಗ ಮೊಬೈಲ್ ತೆಗೆದು ತೋರಿಸಬೇಡಿ. ಇದು ಬಹಳ ಮುಖ್ಯ. ಮೊದಲು ಬಾಯಲ್ಲಿ ಹೇಳಿ ಮುಗಿಸಿ, ಆಮೇಲೆ ಎಲ್ಲರೂ ಕೂಡಿ ಆ ಸೀನ್ ನೋಡಿ. ನೆನಪು ಏನೇನೋ ಸೇರಿಸಿರುತ್ತದೆ. ಮಿಲ್ಲಿನ ಗೆಳೆಯ ಒಂದು ಸೀನಿನಲ್ಲಿ ಮಳೆ ಬರ್ತಿತ್ತು ಅಂತ ಆಣೆ ಮಾಡಿ ಹೇಳಿದ. ಹಾಕಿ ನೋಡಿದರೆ ಒಣ ಬಿಸಿಲು. ಹಂಗಾದರೆ ಮಳೆ ಎಲ್ಲಿಂದ ಬಂತು ಅಂತ ಮಾತಾಡ್ತಾ ಹೋದಾಗ, ಅವನು ಆ ಸಿನಿಮಾ ನೋಡಿದ ರಾತ್ರಿ ಅವನ ಅಪ್ಪನ ಜೊತೆ ಮಳೆಯಲ್ಲಿ ತೋಯ್ದು ಮನೆಗೆ ಬಂದಿದ್ದ ಅಂತ ನೆನಪಾಯಿತು. ಅಪ್ಪ ಈಗಿಲ್ಲ. ಅವತ್ತು ಅವನು ಹೇಳಿದ್ದನ್ನು ನಾವ್ಯಾರೂ ಮರೆತಿಲ್ಲ.

ಅಭಿನಯದ ಬಗ್ಗೆ ಮಾತಾಡುವಾಗ

"ಚೆನ್ನಾಗಿ ಮಾಡಿದ್ದಾರೆ" ಅನ್ನೋ ಮಾತನ್ನು ನಮ್ಮ ಮಾಳಿಗೆ ಮೇಲೆ ಬಿಟ್ಟುಕೊಳ್ಳೋದಿಲ್ಲ. ಏನು ಮಾಡಿದರು, ಅದನ್ನು ಹೇಳಬೇಕು. ಕೈ ಎಲ್ಲಿತ್ತು? ಎದುರಿನವರು ಮಾತಾಡುವಾಗ ಇವರು ಏನು ಮಾಡುತ್ತಿದ್ದರು? ನನ್ನ ಪ್ರಕಾರ ಒಳ್ಳೆಯ ನಟರನ್ನು ಗುರುತಿಸೋ ಜಾಗ ಇದೇ, ಮಾತಿಲ್ಲದಾಗ ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ ಅನ್ನೋದು. 1972ರ 'ನಾಗರಹಾವು' ಸಿನಿಮಾದಲ್ಲಿ ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್ ಇದ್ದಾರಲ್ಲ, ಅವರನ್ನು ಹಾಗೆ ನೋಡಿ. ಅವರ ಶಿಷ್ಯ ರಾಮಾಚಾರಿ ಕೂಗಾಡುವಾಗ ನಮ್ಮ ಕಣ್ಣು ವಿಷ್ಣುವರ್ಧನ್ ಮೇಲೆ ಇರುತ್ತದೆ, ಅದು ಅವರ ಮೊದಲ ಹೀರೋ ಪಾತ್ರ, ಕಣ್ಣು ತೆಗೆಯೋಕೆ ಆಗೋದಿಲ್ಲ. ಇನ್ನೊಂದು ಸಲ ಬರೀ ಮೇಷ್ಟ್ರನ್ನು ನೋಡಿ. ಆ ಹುಡುಗನ ಮೇಲೆ ಅವರಿಗಿರುವ ಅಕ್ಕರೆ ಅಷ್ಟೂ ಆ ಕೇಳಿಸಿಕೊಳ್ಳುವ ಮುಖದಲ್ಲೇ ಇದೆ.

ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ'ಯಲ್ಲಿ ಚಾರುಹಾಸನ್ ಮಾಡಿದ ತಬರ, ಪಿಂಚಣಿಗಾಗಿ ಆಫೀಸಿಂದ ಆಫೀಸಿಗೆ ಅಲೆಯುವ ಮುದುಕ. ಅದಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಅದನ್ನು ನೋಡುವಾಗ ಒಂದೇ ಒಂದು ಹಿಡಿದುಕೊಳ್ಳಿ: ಮೇಜಿನ ಮುಂದೆ ಅವರು ನಿಲ್ಲುವ ರೀತಿ. ಕಚೇರಿಯ ಬಾಗಿಲಲ್ಲಿ ಕಾಯುವ ವಯಸ್ಸಾದವರನ್ನು ನಮ್ಮೂರಲ್ಲಿ ನೋಡಿದಾಗೆಲ್ಲಾ ನನಗೆ ಆ ನಿಲುವು ನೆನಪಾಗುತ್ತದೆ.

ಅಕ್ಕನ ಆಯ್ಕೆ ಉಮಾಶ್ರೀ. 2008ರ 'ಗುಲಾಬಿ ಟಾಕೀಸ್' ಚಿತ್ರಕ್ಕೆ ಅವರಿಗೂ ರಾಷ್ಟ್ರ ಪ್ರಶಸ್ತಿ ಬಂದಿದೆ. ಅದರಲ್ಲಿ ಅವರದು ಸಿನಿಮಾ ಹುಚ್ಚಿನ ಸೂಲಗಿತ್ತಿ ಪಾತ್ರ. ಪರದೆ ಮೇಲಿನವರಷ್ಟೇ ಪರದೆ ನೋಡುವವರ ಮುಖವೂ ಚಂದ ಅಂತ ನಮಗೆ ಕಲಿಸಿದ್ದು ಆ ಪಾತ್ರ.

ಬಳ್ಳಾರಿಯವರಿಗೆ ಒಂದು ಮಾತು. ಜಯಂತಿ ಹುಟ್ಟಿದ್ದು ನಿಮ್ಮೂರಲ್ಲಿ. 2021ರಲ್ಲಿ ತೀರಿಕೊಂಡರು. 1973ರ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ ಮಾಧವಿ, ಯುದ್ಧದಲ್ಲಿ ಗಾಯಗೊಂಡ ಗಂಡನ ಹೆಂಡತಿ, ಆ ಪಾತ್ರದ ಮೇಲೆ ಒಂದು ಇಡೀ ರಾತ್ರಿ ಇಡಿ. ಗಂಡಸರು ಒಂದು ರೀತಿ ಮಾತಾಡುತ್ತಾರೆ, ಹೆಂಗಸರು ಇನ್ನೊಂದು ರೀತಿ. ಎರಡನ್ನೂ ಪೂರ್ತಿ ಕೇಳಿ.

ಕಾಲೇಜು ಹುಡುಗರ ಪಟ್ಟಿಯಲ್ಲಿ ಯಾವಾಗಲೂ 'ತಿಥಿ' ಇರುತ್ತದೆ. ಮಂಡ್ಯದ ಹಳ್ಳಿಯವರೇ ನಟಿಸಿದ್ದು, ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ. ಗಡ್ಡಪ್ಪ ಸುಮ್ನೆ ನಡೀತಾ ಹೋಗ್ತಾರೆ, ಅಷ್ಟೇ, ಆದರೂ ಕಣ್ಣು ಕೀಳೋಕಾಗಲ್ಲ. ಇದು ಅಭಿನಯ ಹೌದೋ ಅಲ್ಲವೋ ಅನ್ನೋ ಚರ್ಚೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಡೈಲಾಗ್ ಹೇಳೋದು ಹೇಗೆ

ಡೈಲಾಗ್ ಅಂದ ಕೂಡಲೇ ಎಲ್ಲರಿಗೂ ಹುಮ್ಮಸ್ಸು. ಆದರೆ ಕಿತ್ತು ತಂದ ಡೈಲಾಗ್ ಬೇರಿಲ್ಲದ ಸಸಿ ಇದ್ದ ಹಾಗೆ, ಬೇಗ ಬಾಡುತ್ತದೆ. ಅದಕ್ಕೇ ನಮ್ಮಲ್ಲಿ ಯಾರೇ ಡೈಲಾಗ್ ಹೇಳಲಿ, ಮೂರು ವಿಷಯ ಮೊದಲು ಹೇಳಬೇಕು. ಯಾರು ಹೇಳಿದ್ದು? ಯಾರಿಗೆ ಹೇಳಿದ್ದು? ಅದಕ್ಕಿಂತ ಮುಂಚೆ ಏನಾಗಿತ್ತು?

ಇದರಿಂದ ಏನಾಯಿತು ಕೇಳಿ. 'ನಾಗರಹಾವು' ಸಿನಿಮಾದಲ್ಲಿ ಅಂಬರೀಶ್ ಹೇಳುವ "ಏ ಬುಲ್ ಬುಲ್, ಮಾತಾಡಕಿಲ್ವಾ?" ಗೊತ್ತಿಲ್ಲದವರು ಯಾರಿದ್ದಾರೆ? ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಾ ಕಡೆ ತಮಾಷೆಗೆ ಹೇಳುತ್ತಾರೆ. ನಮ್ಮ ಹುಡುಗನೊಬ್ಬ ಎದ್ದು ನಿಂತು ಅದೇ ಗತ್ತಿನಲ್ಲಿ ಹೇಳಿದ, ಎಲ್ಲರೂ ಚಪ್ಪಾಳೆ ಹೊಡೆದೆವು. ಅಕ್ಕ ಹೊಡೆಯಲಿಲ್ಲ. "ಯಾರಿಗೆ ಹೇಳಿದ್ದು ಅಂತ ಹೇಳಲಿಲ್ಲ ನೀನು" ಅಂದರು. ದಾರಿಯಲ್ಲಿ ಹೋಗುವ ಅಲಮೇಲುಗೆ ಜಲೀಲ ಹೇಳುವ ಮಾತು ಅದು. ಅವಳನ್ನು ಕಾಡುವ ಮಾತು. ರಾಮಾಚಾರಿ ಜಲೀಲನ ಮೇಲೆ ಬೀಳೋದಕ್ಕೂ ಅದೇ ಕಾರಣ. "ಕಾಲೇಜಿಗೆ ಹೋಗೋವಾಗ ನನ್ನ ಹಿಂದ ಒಬ್ಬವ ಇದನ್ನ ಹೇಳ್ತಾ ಬರ್ತಿದ್ದ. ನನಗ ಈ ಡೈಲಾಗ್ ಕೇಳಿದ್ರ ನಗು ಬರಂಗಿಲ್ಲ" ಅಂದರು ಅಕ್ಕ.

ಮಾಳಿಗೆ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಸೀನನ್ನು ಹಾಕಿ, ಅಲಮೇಲು ಪಾತ್ರ ಮಾಡಿದ ಆರತಿ ಮುಖ ಮಾತ್ರ ನೋಡ್ತಾ ಕೂತೆವು. ಅಂಬರೀಶ್ ಅವರ ಮೊದಲ ಸಿನಿಮಾ ಅದು, ಆ ಪುಂಡತನವನ್ನು ಅಷ್ಟು ನಿಜವಾಗಿ ತಂದಿದ್ದಕ್ಕೇ ಮಾತು ಐವತ್ತು ವರ್ಷ ಉಳಿಯಿತು. ಅವರ ನಟನೆ ಮೇಲಿನ ಪ್ರೀತಿ ನಮಗೆ ಕಡಿಮೆಯಾಗಲಿಲ್ಲ, ಆದರೆ ಆ ಮಾತಿಗೆ ಇನ್ನೊಂದು ಬದಿ ಇದೆ ಅಂತ ಗೊತ್ತಾಯಿತು.

ಇನ್ನು ಹೇಳುವ ರೀತಿ. ಜೋರಾಗಿ ಹೇಳೋದೇ ಡೈಲಾಗ್ ಅಂತ ತಿಳಿದವರು ಜಾಸ್ತಿ. ಎಲ್ಲಿ ನಿಲ್ಲಬೇಕು ಅನ್ನೋದನ್ನು ಮೊದಲು ಕಲಿಯಿರಿ. ಒಂದು ಹಾಳೆಯಲ್ಲಿ ಡೈಲಾಗ್ ಬರೆದು, ನಟ ಉಸಿರು ತಗೊಂಡ ಕಡೆಯೆಲ್ಲಾ ಒಂದು ಗೀಟು ಹಾಕಿ. ಆಮೇಲೆ ಮೆಲ್ಲಗೆ ಓದಿ. 1977ರ 'ಬಭ್ರುವಾಹನ'ದಲ್ಲಿ ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಅಪ್ಪ ಮಗ ಎದುರುಬದುರು ನಿಂತ ಮಾತುಗಳನ್ನು ಇಬ್ಬರು ಹಂಚಿಕೊಂಡು ಹೇಳಿ ನೋಡಿ. ಒಬ್ಬರೇ ಇಬ್ಬರಾಗಿ ದನಿ ಹೇಗೆ ಬದಲಿಸಿದ್ದಾರೆ ಅಂತ ಬಾಯಿಗೆ ತಂದುಕೊಂಡಾಗಲೇ ತಿಳಿಯುತ್ತದೆ.

ಡೈಲಾಗ್ ಬರೆದವರ ಹೆಸರನ್ನೂ ಹೇಳಿ, ದಯವಿಟ್ಟು. ರಾಜ್‌ಕುಮಾರ್ ಸಿನಿಮಾಗಳ ಎಷ್ಟೋ ಮಾತು ಚಿ. ಉದಯಶಂಕರ್ ಅವರ ಪೆನ್ನಿನಿಂದ ಬಂದವು. ಟೈಟಲ್ ಕಾರ್ಡ್ ಓಡಿಸಿಬಿಟ್ಟರೆ ಈ ಹೆಸರುಗಳು ಸಿಗೋದಿಲ್ಲ. 'ಸಂಪತ್ತಿಗೆ ಸವಾಲ್' ಸಿನಿಮಾ 1974ರಲ್ಲಿ ಬಂದಿದ್ದು, ಅದು ನಮ್ಮ ಉತ್ತರ ಕರ್ನಾಟಕದ ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕ. ನಮ್ಮ ಹಿರಿಯರು ಸಿನಿಮಾಕ್ಕಿಂತ ಮೊದಲು ಜಾತ್ರೆಯ ತಗಡಿನ ಥಿಯೇಟರಿನಲ್ಲಿ ಕೂತು ಇಂಥ ನಾಟಕಗಳ ಮಾತು ಕೇಳಿ, ಮನೆಗೆ ಬಂದು ಅವನ್ನೇ ಹೇಳುತ್ತಿದ್ದವರು. ಡೈಲಾಗ್ ಹೇಳುವ ಹುಚ್ಚು ನಮ್ಮ ಕಡೆ ಸಿನಿಮಾದಿಂದ ಬಂದಿದ್ದಲ್ಲ. ಬಳ್ಳಾರಿ ರಾಘವರ ಹೆಸರು ಕೇಳಿರುತ್ತೀರಿ. ತೆಲುಗು ರಂಗಭೂಮಿಯಲ್ಲಿ, ಪದ್ಯದ ರಾಗ ಎಳೆಯೋದಕ್ಕಿಂತ ಭಾವ ಮುಖ್ಯ ಅಂತ ಸಾಧಿಸಿ ತೋರಿಸಿದವರು, 1946ರಲ್ಲಿ ತೀರಿಕೊಂಡವರು. ನಿಮ್ಮ ಮನೆಯಲ್ಲಿ ನಾಟಕ ನೋಡಿದ ಅಜ್ಜ ಅಜ್ಜಿ ಇದ್ದರೆ ಒಂದು ರಾತ್ರಿ ಅವರನ್ನು ಮಾಳಿಗೆಗೆ ಹತ್ತಿಸಿ, ನೀವು ಸುಮ್ಮನೆ ಕೂತು ಕೇಳಿ.

ತೆಲುಗು, ಕನ್ನಡ, ಮತ್ತೆ ನಮ್ಮ ಕನ್ನಡ

ಬಳ್ಳಾರಿ, ರಾಯಚೂರು, ಗಂಗಾವತಿ ಕಡೆ ತೆಲುಗು ಬಿಟ್ಟು ಸಿನಿಮಾ ಮಾತಾಡೋಕಾಗಲ್ಲ. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡ ರೈತರು ಎಷ್ಟೊಂದು ಜನ. ಎಸ್.ಎಸ್. ರಾಜಮೌಳಿ ಹುಟ್ಟಿದ್ದೇ ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ, 1973ರಲ್ಲಿ. ಕ್ಯಾಂಪಿನ ಅಣ್ಣ ಇದನ್ನು ಹೇಳುವಾಗ ಅವರ ಮುಖ ನೋಡಬೇಕು ನೀವು.

ನಮ್ಮ ನಿಯಮ ಇಷ್ಟೇ. ಡೈಲಾಗ್ ಯಾವ ಭಾಷೆಯದೋ ಅದೇ ಭಾಷೆಯಲ್ಲಿ ಹೇಳಬೇಕು, ಆಮೇಲೆ ಗೊತ್ತಿಲ್ಲದವರಿಗೆ ಅರ್ಥ ಹೇಳಬೇಕು. ಅರ್ಥ ಹೇಳುವಾಗ ಕನ್ನಡದಲ್ಲಿ ಅದೇ ಜೋರು ತರೋಕೆ ಒದ್ದಾಡುತ್ತೇವಲ್ಲ, ಆ ಒದ್ದಾಟದಲ್ಲೇ ಎರಡೂ ಭಾಷೆಯ ರುಚಿ ಸಿಗುತ್ತದೆ. "ಇದನ್ನ ನಮ್ಮ ಮಂದಿ ಹೆಂಗ ಅಂತಾರ?" ಅಂತ ಕೇಳ್ತಾ ಹೋಗಿ.

ಇದರ ಜೊತೆ ಇನ್ನೊಂದು ಕೇಳಲೇಬೇಕಾದ ಪ್ರಶ್ನೆ ಇದೆ. ನಿಮ್ಮ ಸಿನಿಮಾದಲ್ಲಿ ನಮ್ಮ ಕಡೆಯ ಕನ್ನಡ ಮಾತಾಡುವವರು ಯಾರು? ಹೀರೋನಾ, ವಾಚ್‌ಮನ್ನಾ, ನಗಿಸೋಕೆ ಬಂದವರಾ? ಪಟ್ಟಿ ಮಾಡಿ ನೋಡಿ, ಮನಸ್ಸಿಗೆ ಬೇಜಾರಾಗುತ್ತದೆ. ನಾವು ಅಳೋದು, ಪ್ರೀತಿ ಮಾಡೋದು ಎಲ್ಲಾ ಇದೇ ಮಾತಿನಲ್ಲಿ. ಪರದೆ ಮೇಲೆ ಮಾತ್ರ ಅದು ಬಂದ ಕೂಡಲೇ ಜನ ನಗೋಕೆ ತಯಾರಾಗುತ್ತಾರೆ. ಹಾಗಾಗಿಯೇ 1997ರ 'ನಾಗಮಂಡಲ' ನನಗೆ ಅಷ್ಟು ಇಷ್ಟ. ಕಾರ್ನಾಡರ ನಾಟಕ, ನಾಗಾಭರಣ ನಿರ್ದೇಶನ, ಪ್ರಕಾಶ್ ರೈ ಮತ್ತು ವಿಜಯಲಕ್ಷ್ಮಿ. ಅದರಲ್ಲಿ ಉತ್ತರ ಕರ್ನಾಟಕದ ಮಾತು ಬಯಕೆಗೂ ಬಂದಿದೆ, ಭಯಕ್ಕೂ ಬಂದಿದೆ. ಒಂದು ಸೀನನ್ನು ಕಣ್ಣು ಮುಚ್ಚಿ ಕೇಳಿ, ನಿಮ್ಮ ಮನೆಯ ಪಡಸಾಲೆಯಿಂದ ಬಂದ ದನಿಯ ಹಾಗೆ ಇರುತ್ತದೆ.

ಜಗಳ ಬಂದರೆ

ಬಂದೇ ಬರುತ್ತದೆ. ನಮ್ಮಲ್ಲಿ ಇಬ್ಬರು ಗೆಳೆಯರು ಹೀರೋ ವಿಷಯಕ್ಕೆ ನಾಲ್ಕು ತಿಂಗಳು ಮಾತು ಬಿಟ್ಟಿದ್ದರು. ಹಬ್ಬಕ್ಕೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲಿಲ್ಲ. ನನಗೆ ಅದು ಇವತ್ತಿಗೂ ನೋವಿನ ನೆನಪು.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆವು. ಬೇರೆಯವರ ಮೆಚ್ಚಿನ ನಟನ ಬಗ್ಗೆ ತಕರಾರು ಹೇಳಬೇಕಾದರೆ, ಮೊದಲು ಆ ನಟ ನಿಮಗೆ ಹಿಡಿಸಿದ ಒಂದು ಸೀನನ್ನು ಪೂರ್ತಿ ವಿವರವಾಗಿ ಹೇಳಬೇಕು. ಒಂದೂ ನೆನಪಿಲ್ಲವಾ? ಹಾಗಾದರೆ ಒಂದು ಸಿನಿಮಾ ನೋಡಿ ಮುಂದಿನ ತಿಂಗಳು ಬನ್ನಿ, ತಕರಾರು ಆಗ ಹೇಳಿ. ಎಷ್ಟು ಕೋಟಿ ಗಳಿಸಿತು, ಎಷ್ಟು ದಿನ ಓಡಿತು ಅನ್ನೋ ಲೆಕ್ಕ ತೆಗೆದರೆ ಮಾತು ಮತ್ತೆ ಕುಸ್ತಿಗೆ ಇಳಿಯುತ್ತದೆ, ಅದನ್ನು ಗೇಟಿನ ಹೊರಗೇ ಬಿಡಿ. ನಟರ ಮನೆ ವಿಚಾರವೂ ಬೇಡ. ಹೊಸ ಸಿನಿಮಾದ ಕೊನೆಯನ್ನು ಹೇಳೋಕೆ ಮುಂಚೆ ಎಲ್ಲರೂ ನೋಡಿದ್ದಾರಾ ಅಂತ ಕೇಳಿ.

ಬರೆದಿಡಿ

ಒಂದು 200 ಪುಟದ ನೋಟ್‌ಬುಕ್ ಸಾಕು. ತಾರೀಕು, ಪ್ರಶ್ನೆ, ಯಾರು ಯಾವ ಸೀನ್ ಹೇಳಿದರು, ಯಾರು ಒಪ್ಪಲಿಲ್ಲ. ಸರದಿ ಪ್ರಕಾರ ಒಬ್ಬೊಬ್ಬರು ಬರೆಯಲಿ. ಹಿರಿಯರು ಮಾತಾಡುವಾಗ ಅವರನ್ನು ಕೇಳಿ ದನಿ ರೆಕಾರ್ಡ್ ಮಾಡಿಕೊಳ್ಳಿ. ಕಾಕಾ ಕಾರ್ಬನ್ ಕಡ್ಡಿ ಉರಿಸಿ ಪ್ರೊಜೆಕ್ಟರಿಗೆ ಬೆಳಕು ಮಾಡುತ್ತಿದ್ದ ಕಥೆ, ರೀಲು ಕಡಿದಾಗ ಕತ್ತಲಲ್ಲಿ ಅಂಟಿಸುತ್ತಿದ್ದ ಕಥೆ, ಜನ ಕೂಗುವ ಹೊತ್ತಿಗೆ ಕೈ ನಡುಗಬಾರದು ಅಂತ ಅವರ ಗುರು ಹೇಳಿಕೊಟ್ಟ ಮಾತು, ಎಲ್ಲಾ ನನ್ನ ಮೊಬೈಲಿನಲ್ಲಿದೆ. ಎರಡು ಕಡೆ ಕಾಪಿ ಇಟ್ಟಿದ್ದೇನೆ.

ಮುಂದಿನ ಶನಿವಾರದ ಪ್ರಶ್ನೆ ಗೊತ್ತಾಗಿದೆ: ಒಂದು ಮಾತೂ ಇಲ್ಲದೆ ನಿಮ್ಮನ್ನು ಅಳಿಸಿದ ಸೀನ್ ಯಾವುದು? ಅಕ್ಕ ಎರಡು ಸಿನಿಮಾ ನಡುವೆ ತೂಗಾಡುತ್ತಿದ್ದಾರೆ. ಹುಡುಗರು ಇನ್ನೂ ಹುಡುಕುತ್ತಿದ್ದಾರೆ. ಕಾಕಾಗೆ ನಿನ್ನೆ ಫೋನ್ ಮಾಡಿದ್ದೆ. "ನಂದು ಹದಿನಾಲ್ಕನೇ ರೀಲಿನ್ಯಾಗೈತಿ. ಸಿನಿಮಾ ಯಾವುದು ಅಂತ ಅವತ್ತ ಮಾಳಗಿ ಮ್ಯಾಲೆ ಹೇಳ್ತೀನಿ" ಅಂದು ಫೋನ್ ಇಟ್ಟರು.